ಹೊಸ ಅಕ್ವೇರಿಯಂನ ಸೈಕ್ಲಿಂಗ್: ಪುಣೆಯ ನೀರಿನಲ್ಲಿ

ಮೀನುಗಳು ಹೊರಹಾಕುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರುವ ಅವಧಿಯನ್ನು ಅಕ್ವೇರಿಯಂ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸ ತೊಟ್ಟಿಯ ಮೀನುಗಳು ಈ ವಾರಗಳಲ್ಲಿ ಸತ್ತರೆ ಬಹುಪಾಲು ರೋಗಕ್ಕಿಂತ ನೀರೇ ಕಾರಣ. ತೊಟ್ಟಿ, ಜಲ್ಲಿ, ಫಿಲ್ಟರ್, ಮೀನು ಎಲ್ಲವನ್ನೂ ಒಂದೇ ಸಂಜೆ ಕೊಂಡು ತಂದು ಅಂದೇ ರಾತ್ರಿ ಮೀನು ಬಿಡುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅಂಗಡಿಯವರು ತಡೆಯುವುದಿಲ್ಲ, ಮಕ್ಕಳು ಕಾಯುವುದಿಲ್ಲ.

ಪುಣೆಯಲ್ಲಿ ಈ ಕೆಲಸ ಎಲ್ಲ ಮನೆಗಳಲ್ಲೂ ಒಂದೇ ಬಗೆಯಾಗಿ ನಡೆಯುವುದಿಲ್ಲ. ಒಂದು ಕಟ್ಟಡಕ್ಕೆ ಅಣೆಕಟ್ಟಿನ ನೀರು ಬರುತ್ತದೆ, ಪಕ್ಕದ ಸೊಸೈಟಿಗೆ ಬೋರ್‌ವೆಲ್ ನೀರು, ಬೇಸಗೆಯಲ್ಲಿ ಎರಡಕ್ಕೂ ಟ್ಯಾಂಕರ್. ಈ ನೀರುಗಳ ರಾಸಾಯನಿಕ ಗುಣ ಬೇರೆ ಬೇರೆಯಾದ್ದರಿಂದ ಸೈಕ್ಲಿಂಗ್ ಸಮಯದ ಅಪಾಯಗಳೂ ಬೇರೆ. ನೆರೆಮನೆಯವರಿಗೆ ಒಗ್ಗಿದ ವಿಧಾನ ನಮ್ಮ ತೊಟ್ಟಿಗೆ ಒಗ್ಗದಿರಬಹುದು. ನಲ್ಲಿಯಲ್ಲಿ ಬರುತ್ತಿರುವುದು ಯಾವ ನೀರೆಂದು ತಿಳಿಯುವುದೇ ಇಲ್ಲಿ ಮೊದಲ ಕೆಲಸ.

ತೊಟ್ಟಿಯೊಳಗಿನ ರಸಾಯನ

ಮೀನು ಅಮೋನಿಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕವೇ ಹೊರಬಿಡುತ್ತದೆ. ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಅದಕ್ಕೆ ಸೇರುತ್ತವೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ವಿಷಕಾರಿಯಾದ ಮುಕ್ತ ಅಮೋನಿಯ, ಅಷ್ಟೇನೂ ತೊಂದರೆ ಕೊಡದ ಅಮೋನಿಯಂ ಅಯಾನು. ಯಾವುದು ಎಷ್ಟಿರಬೇಕೆಂದು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಮುಕ್ತ ಭಾಗ ಶೇ. 0.6ರಷ್ಟು ಮಾತ್ರ. ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ, 8.5ಕ್ಕೆ ಶೇ. 15ರ ಹತ್ತಿರ ಬರುತ್ತದೆ. ಆದ್ದರಿಂದ ಟೆಸ್ಟ್ ಕಿಟ್ ಎರಡು ಮನೆಗಳಲ್ಲಿ ಒಂದೇ ಅಂಕಿ ತೋರಿಸಿದರೂ ಒಂದು ಮನೆಯ ಮೀನು ನೆಮ್ಮದಿಯಾಗಿ ಈಜುತ್ತಿರಬಹುದು, ಇನ್ನೊಂದರದು ಕಿವಿರು ಸುಟ್ಟುಕೊಂಡು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರಬಹುದು.

ಎರಡನೆಯ ಘಟ್ಟದ ವಿಷ ನೈಟ್ರೈಟ್. ಕಿವಿರುಗಳು ಕ್ಲೋರೈಡನ್ನು ಒಳಗೆಳೆದುಕೊಳ್ಳುವ ದಾರಿಯಲ್ಲೇ ಅದೂ ನುಸುಳಿ ರಕ್ತ ಸೇರುತ್ತದೆ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾಗದಂತೆ ಮಾಡುತ್ತದೆ. ಆಗ ಕೆಂಪಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದೂ ಮೀನು ಉಸಿರುಗಟ್ಟುತ್ತದೆ. ಮೂರನೆಯ ಘಟ್ಟದ ನೈಟ್ರೇಟ್ ಇವೆರಡಕ್ಕಿಂತ ಬಹಳ ಸೌಮ್ಯ. ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿ, ಗಿಡ ಬೆಳೆಸಿ ಅದನ್ನು ಹತೋಟಿಯಲ್ಲಿಡಬಹುದು.

ಈ ಮಾರ್ಪಾಡು ಪುಕ್ಕಟೆಯಲ್ಲ. ಅಮೋನಿಯ ರೂಪದ 1 ಮಿಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಮಿಗ್ರಾಂ ಆಮ್ಲಜನಕ ಬೇಕು. ಜೊತೆಗೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಮಿಗ್ರಾಂ ಕ್ಷಾರತೆ, ಅಂದರೆ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ, ಖರ್ಚಾಗುತ್ತದೆ. ಪುಣೆಯ ಮಟ್ಟಿಗೆ ಈ ಎರಡನೆಯ ಲೆಕ್ಕ ಬಹಳ ಮುಖ್ಯ.

ತಂದೆ ಮತ್ತು ಮಗ

ಈ ವಿದ್ಯೆಯ ಇತಿಹಾಸದಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳು ಮೂರನ್ನೂ ಒಟ್ಟಿಗಿಟ್ಟು, ಅವು ಪರಸ್ಪರ ಆಸರೆಯಾಗಿ ಬದುಕಬಲ್ಲವೆಂದು 1850ರಲ್ಲಿ ಪ್ರಕಟಿಸಿದ. ಮನೆಯ ಅಕ್ವೇರಿಯಂ ಎಂಬ ಹವ್ಯಾಸ ಬೇರೂರಲು ಆ ಪ್ರಯೋಗವೂ ಒಂದು ಕಾರಣ. ಆದರೆ ಸಮತೋಲನವನ್ನು ಕಾಯುವ ಮುಖ್ಯ ಕೆಲಸಗಾರರು ಅವನ ಕಣ್ಣಿಗೆ ಬೀಳುವಂತಿರಲಿಲ್ಲ. ಮುಂದೆ 1877ರಲ್ಲಿ ಫ್ರಾನ್ಸಿನ ಶ್ಲೂಸಿಂಗ್ ಮತ್ತು ಮ್ಯುಂಟ್ಸ್ ಚರಂಡಿ ನೀರನ್ನು ಮರಳು–ಸುಣ್ಣಕಲ್ಲಿನ ಕೊಳವೆಯಲ್ಲಿ ಇಳಿಸಿ, ಅಮೋನಿಯ ನೈಟ್ರೇಟ್ ಆಗುವುದನ್ನೂ ಕ್ಲೋರೋಫಾರಂ ಆವಿ ಹಾಯಿಸಿದರೆ ಅದು ನಿಂತುಹೋಗುವುದನ್ನೂ ತೋರಿಸಿದರು. ಕೆಲಸ ಮಾಡುತ್ತಿರುವುದು ಜೀವಿಗಳೇ ಎಂದು ಆಗ ಖಚಿತವಾಯಿತು. ಅದನ್ನು ಮುಂದುವರಿಸಿ, ಈ ಕ್ರಿಯೆ ಎರಡು ಘಟ್ಟಗಳಲ್ಲಿ ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆ ಎಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ತೋರಿಸಿದವನು ಅದೇ ವಾರಿಂಗ್ಟನ್ನನ ಮಗ, ಅವನ ಹೆಸರೂ ರಾಬರ್ಟ್. ತಂದೆ ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದ ಪ್ರಶ್ನೆಗೆ ಮಗ ಹೊಲದ ಮಣ್ಣಿನಲ್ಲಿ ಉತ್ತರ ಹುಡುಕಿಕೊಂಡನೆಂಬುದು ವಿಜ್ಞಾನದ ಇತಿಹಾಸದ ಚೆಲುವಾದ ಸಂಗತಿಗಳಲ್ಲೊಂದು. ಆ ಬ್ಯಾಕ್ಟೀರಿಯಗಳನ್ನು ಶುದ್ಧವಾಗಿ ಬೇರ್ಪಡಿಸಿದ ಕೀರ್ತಿ 1890ರ ಸುಮಾರಿಗೆ ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿಗೆ ಸಂದಿತು.

ಬಹುಕಾಲ ಪುಸ್ತಕಗಳು ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಎರಡೇ ಹೆಸರುಗಳನ್ನು ಹೇಳುತ್ತಿದ್ದವು. ಅಕ್ವೇರಿಯಂಗಳನ್ನೇ ಪರೀಕ್ಷಿಸಿದ ಹೊವಾನೆಕ್ ಮತ್ತು ಡಿಲಾಂಗ್ 1990ರ ದಶಕದಲ್ಲಿ ಬೇರೆಯೇ ಚಿತ್ರ ಕೊಟ್ಟರು: ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಅರಗಿಸುವ ಮುಖ್ಯ ಜೀವಿ ನೈಟ್ರೊಸ್ಪೈರಾ. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯ ಜಲ್ಲಿಯಿಂದ, ಅಮೋನಿಯ ಅರಗಿಸುವ, ಬ್ಯಾಕ್ಟೀರಿಯಗಳಿಗಿಂತ ಬೇರೆಯಾದ ಆರ್ಕಿಯಾ ಗುಂಪಿನ ಮೊದಲ ಜೀವಿಯನ್ನು ಬೇರ್ಪಡಿಸಿದರು. ಎರಡೂ ಘಟ್ಟಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂಬುದು 2015ರಲ್ಲಿ ತಿಳಿದುಬಂತು. ಅದು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಜೈವಿಕ ಫಿಲ್ಟರೂ ಒಂದು. ಬಾಟಲಿಯಲ್ಲಿ ಮಾರುವ ‘ಬ್ಯಾಕ್ಟೀರಿಯ ದ್ರಾವಣ’ಗಳ ಫಲ ಒಂದೊಂದು ಸಲ ಒಂದೊಂದು ರೀತಿ ಇರುವುದಕ್ಕೆ ಇಲ್ಲಿ ವಿವರಣೆಯಿದೆ: ಬಾಟಲಿಯಲ್ಲಿ ಸರಿಯಾದ ಜಾತಿ ಇರಬೇಕು, ಅದು ಜೀವಂತವಾಗಿಯೂ ಇರಬೇಕು. ಬೇಸಗೆಯ ಬಿಸಿಯಲ್ಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯ ಬಗ್ಗೆ ಹೆಚ್ಚು ಆಸೆ ಬೇಡ.

ಪುಣೆಯ ಎರಡು ನೀರು

ಪುಣೆಗೆ ದೂರದಿಂದ ನೀರು ತರುವ ಪ್ರಯತ್ನ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ್ ಪೇಶ್ವೆಯ ಕಾಲದಲ್ಲಿ ಕಾತ್ರಜ್ ಕೆರೆಯಿಂದ ಊರೊಳಗಿನ ಹೌದುಗಳಿಗೆ ನೆಲದಡಿಯ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಮುಠಾ ನದಿಗೆ ಅಡ್ಡಲಾಗಿ ಖಡಕವಾಸ್ಲಾ ಅಣೆಕಟ್ಟು 1879ರಲ್ಲಿ ಮುಗಿಯಿತು. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆದು, ಆ ಹೊಡೆತಕ್ಕೆ ಖಡಕವಾಸ್ಲಾ ಕೂಡ ಒಡೆದು ಊರು ಮುಳುಗಿತು. ಎರಡನ್ನೂ ಮತ್ತೆ ಕಟ್ಟಲಾಯಿತು. ಇಂದು ಈ ಎರಡರ ಜೊತೆ ವರಸಗಾಂವ್, ಟೇಮ್‌ಘರ್ ಜಲಾಶಯಗಳೂ ಸೇರಿ ನಗರದ ಹೆಚ್ಚಿನ ಭಾಗಕ್ಕೆ ನೀರುಣಿಸುತ್ತವೆ. ಪಿಂಪ್ರಿ–ಚಿಂಚವಾಡಕ್ಕೆ ಪವನಾ ನದಿಯ ನೀರು ಬರುತ್ತದೆ.

ಈ ಜಲಾಶಯಗಳಲ್ಲಿ ತುಂಬುವುದು ಸಹ್ಯಾದ್ರಿಯ ಮೇಲೆ ಸುರಿದ ಮಳೆ. ಕರಿಕಲ್ಲಿನ ಇಳಿಜಾರಿನಲ್ಲಿ ಬೇಗ ಹರಿದುಬರುವುದರಿಂದ ಅದರಲ್ಲಿ ಲವಣ ಕಡಿಮೆ, ಗಡಸುತನ ಕಡಿಮೆ, ಕ್ಷಾರತೆಯೂ ಕಡಿಮೆ. ಅದೇ ಕರಿಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಹೇರಳ. ನಲ್ಲಿಯ ತುದಿಗೆ, ಗೀಸರಿನ ಸುರುಳಿಗೆ ಬಿಳಿ ಚಕ್ಕೆ ಕಟ್ಟುವುದು ಇದರಿಂದಲೇ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬಡಾವಣೆಯಿಂದ ಬೋರ್‌ವೆಲ್ ನೀರಿನ ಬಡಾವಣೆಗೆ ಮನೆ ಬದಲಿಸಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಅಣೆಕಟ್ಟಿನ ನೀರಿನ ತೊಟ್ಟಿಯಲ್ಲಿ ಕಾದಿರುವ ಅಪಾಯ ಪಿಎಚ್ ಕುಸಿತ. ನೀರಿನ ಕ್ಷಾರತೆ ಲೀಟರಿಗೆ 40 ಮಿಗ್ರಾಂ ಇದೆ ಎಂದುಕೊಳ್ಳೋಣ. ದಿನಕ್ಕೆ 2 ಮಿಗ್ರಾಂ ಅಮೋನಿಯ ಸಾರಜನಕ ಅರಗುತ್ತಿದ್ದರೆ ಸುಮಾರು 14 ಮಿಗ್ರಾಂ ಕ್ಷಾರತೆ ಹೋಗುತ್ತದೆ. ಮೂರನೆಯ ದಿನಕ್ಕೆ ಉಗ್ರಾಣ ಖಾಲಿ. ಪಿಎಚ್ 6.5ಕ್ಕಿಂತ ಇಳಿದಂತೆ ಬ್ಯಾಕ್ಟೀರಿಯಗಳ ಕೆಲಸ ಮಂದವಾಗುತ್ತದೆ, 6ರ ಹತ್ತಿರ ಬಹುಮಟ್ಟಿಗೆ ನಿಲ್ಲುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಸೈಕ್ಲಿಂಗ್ ಮೂರನೆಯ ವಾರ ಇದ್ದಕ್ಕಿದ್ದಂತೆ ನಿಂತುಹೋಯಿತು ಎಂದು ಹವ್ಯಾಸಿಗಳು ದೂರುವಾಗ ನೋಡಬೇಕಾದ ಮೊದಲ ಅಂಕಿ ಕ್ಷಾರತೆಯದು. ಉಪಾಯ ಅಡುಗೆಮನೆಯಲ್ಲೇ ಇದೆ: 100 ಲೀಟರ್ ನೀರಿಗೆ 8 ಗ್ರಾಂ ಅಡುಗೆ ಸೋಡಾ ಬೆರೆಸಿದರೆ ಕ್ಷಾರತೆ ಲೀಟರಿಗೆ 50 ಮಿಗ್ರಾಂನಷ್ಟು ಏರುತ್ತದೆ. ಮೀನು ಇದ್ದರೆ ಇದನ್ನು ಒಮ್ಮೆಲೇ ಸುರಿಯಬಾರದು. ಕುಸಿದ ಪಿಎಚ್‌ನಲ್ಲಿ ಅಮೋನಿಯವೆಲ್ಲ ನಿರುಪದ್ರವಿ ಅಮೋನಿಯಂ ಆಗಿ ಅಡಗಿರುತ್ತದೆ. ಸೋಡಾ ಹಾಕಿಯೋ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿಯೋ ಪಿಎಚ್ ಒಮ್ಮೆಗೇ ಏರಿಸಿದರೆ ಅದು ಗಂಟೆಯೊಳಗೆ ವಿಷವಾಗಿ ಎದ್ದು ನಿಲ್ಲುತ್ತದೆ. ನೀರು ಬದಲಿಸಿದ ಮರುಕ್ಷಣವೇ ಮೀನು ಸತ್ತವು ಎಂಬ ಮಾತಿನ ಹಿಂದೆ ಅನೇಕ ಸಲ ಇರುವುದು ಇದೇ.

ಬೋರ್‌ವೆಲ್ ನೀರಿನ ತೊಟ್ಟಿಗೆ ಈ ಭಯವಿಲ್ಲ. ಅಲ್ಲಿ ಬ್ಯಾಕ್ಟೀರಿಯಗಳು ಹಿಗ್ಗಿ ಬೆಳೆಯುತ್ತವೆ. ಆದರೆ ಪಿಎಚ್ 8ರ ಆಚೀಚೆ ಇರುವುದರಿಂದ ಅಲ್ಪ ಅಮೋನಿಯವೂ ಮೀನಿಗೆ ಕುತ್ತು. ಅಂಥ ನೀರಿನಲ್ಲಿ ಮೀನು ಬಿಟ್ಟು ಸೈಕ್ಲಿಂಗ್ ಮಾಡುವುದು ಕ್ರೌರ್ಯ ಎಂದೇ ಈ ಲೇಖಕನ ಖಚಿತ ಅಭಿಪ್ರಾಯ. ಸೊಸೈಟಿಯಲ್ಲಿ ವಾಟರ್ ಸಾಫ್ಟ್‌ನರ್ ಇದೆ ಎಂದು ಸಮಾಧಾನಪಡುವಂತಿಲ್ಲ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ. ಪಿಎಚ್ ಹಾಗೆಯೇ ಉಳಿಯುತ್ತದೆ. ಬರೀ ಆರ್‌ಒ ನೀರು ತುಂಬುವುದು ಇನ್ನೊಂದು ತುದಿ: ಅದರಲ್ಲಿ ಕ್ಷಾರತೆಯೇ ಇಲ್ಲದ್ದರಿಂದ ಅಣೆಕಟ್ಟಿನ ನೀರಿಗಿಂತಲೂ ಬೇಗ ಪಿಎಚ್ ಕುಸಿಯುತ್ತದೆ. ಬೋರ್‌ವೆಲ್ ನೀರಿಗೆ ಆರ್‌ಒ ನೀರು ಬೆರೆಸಿ ನಡುವಿನ ಹದ ಹಿಡಿಯುವುದು ಒಳ್ಳೆಯದು. ಟ್ಯಾಂಕರ್ ನೀರಿಗೆ ಮಾತ್ರ ಒಂದು ಸ್ವಭಾವವಿಲ್ಲ. ಬಂದ ಪ್ರತಿ ಸಲವೂ ಪಿಎಚ್ ನೋಡಬೇಕು.

ಕ್ಲೋರಿನ್

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರಿಗೆ ಅದು ರಕ್ಷೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಗೀಯನ್–ಬಾರೇ ಸಿಂಡ್ರೋಮ್ ಎಂಬ ನರರೋಗದ ಪ್ರಕರಣಗಳು ಹೆಚ್ಚಿ, ಕಲುಷಿತ ನೀರಿನ ಮೇಲೆ ಅನುಮಾನ ಬಂದಾಗ ನೀರಿಗೆ ಕ್ಲೋರಿನ್ ಬೆರೆಸುವುದು ಎಷ್ಟು ಮುಖ್ಯ ಎಂಬುದು ಇಡೀ ಊರಿಗೆ ಅರಿವಾಯಿತು. ಆದರೆ ಮೀನಿನ ಕಿವಿರಿಗೂ ಫಿಲ್ಟರಿನ ಬ್ಯಾಕ್ಟೀರಿಯಕ್ಕೂ ಇದು ವಿಷವೇ. ಹಾಗಾಗಿ ತೊಟ್ಟಿಗೆ ಹೋಗುವ ನೀರಿನಿಂದ ಅದನ್ನು ತೆಗೆಯಲೇಬೇಕು.

ನೆಲದ ಸಂಪು, ಮೇಲಿನ ಟ್ಯಾಂಕು ದಾಟಿ ಬರುವ ನೀರಿನಲ್ಲಿ ಕ್ಲೋರಿನ್ ಬಹಳಷ್ಟು ಹೋಗಿರುತ್ತದೆ. ಈ ಧೈರ್ಯದಲ್ಲೇ ಅನೇಕರು ಏನೂ ಬೆರೆಸದೆ ನೀರು ಬದಲಿಸುತ್ತಾರೆ. ಆದರೆ ಮಳೆಗಾಲದಲ್ಲಿ ಜಲಾಶಯಕ್ಕೆ ಕೆಂಪು ನೀರು ನುಗ್ಗಿದಾಗ ಶುದ್ಧೀಕರಣ ಘಟಕದಲ್ಲಿ ಆಲಂ, ಕ್ಲೋರಿನ್ ಎರಡರ ಪ್ರಮಾಣವೂ ಏರುತ್ತದೆ. ಸೊಸೈಟಿಯವರು ಟ್ಯಾಂಕು ತೊಳೆದು ಬ್ಲೀಚಿಂಗ್ ಪುಡಿ ಹಾಕಿದ ದಿನವಂತೂ ಹಳೆಯ ಧೈರ್ಯ ಕೈಕೊಡುತ್ತದೆ. ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡು ಓದುವ ಅಭ್ಯಾಸ ಅಕ್ವೇರಿಯಂ ಇರುವ ಮನೆಯವರಿಗೆ ಬೇಕು. ಬಕೆಟ್ಟಿನಲ್ಲಿ ಗಾಳಿಕಲ್ಲು ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ಹೈಪೋ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟ್ ಹರಳು ಬಳಸಿದರೆ 1 ಮಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಗ್ರಾಂ ಸಾಕು. ಲೀಟರಿಗೆ 1 ಮಿಗ್ರಾಂ ಕ್ಲೋರಿನ್ ಇರುವ 100 ಲೀಟರ್ ನೀರಿಗೆ ಮುಕ್ಕಾಲು ಗ್ರಾಂ ಹರಳು. ‘ಆಂಟಿ ಕ್ಲೋರಿನ್’ ಎಂದು ಅಂಗಡಿಯಲ್ಲಿ ಸಿಗುವ ದ್ರಾವಣಗಳಲ್ಲೂ ಸಾಮಾನ್ಯವಾಗಿ ಇರುವುದು ಇದೇ ಲವಣ. ಇದು ಅಮೋನಿಯವನ್ನು ತೆಗೆಯುವುದಿಲ್ಲ ಎಂಬುದು ನೆನಪಿರಲಿ.

ಮೀನಿಲ್ಲದೆ ಸೈಕ್ಲಿಂಗ್

ಮೀನಿನ ಬದಲು ನಾವೇ ಅಮೋನಿಯ ಒದಗಿಸಿ ಬ್ಯಾಕ್ಟೀರಿಯ ಬೆಳೆಸುವುದು ಇಂದು ಎಲ್ಲಕ್ಕಿಂತ ಒಪ್ಪತಕ್ಕ ವಿಧಾನ. ಕಲಾಯಿ ಹಾಕುವವರು ಬಳಸುವ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಇದಕ್ಕೆ ಒದಗುತ್ತದೆ. ಕಲಾಯಿಯ ಸರಕಿನಲ್ಲಿ ಕಲಬೆರಕೆ ಇರಬಹುದಾದ್ದರಿಂದ ಪ್ರಯೋಗಶಾಲೆಗೆ ಮಾರುವ ಶುದ್ಧ ಪುಡಿ ಮೇಲು. 100 ಲೀಟರ್ ನೀರಿಗೆ 0.6 ಗ್ರಾಂ ಹಾಕಿದರೆ ಅಮೋನಿಯ ಲೀಟರಿಗೆ 2 ಮಿಗ್ರಾಂ ಹತ್ತಿರ ಬರುತ್ತದೆ. ಇದಕ್ಕಿಂತ ಬಹಳ ಹೆಚ್ಚು ಹಾಕಿದರೆ ಸೈಕ್ಲಿಂಗ್ ಬೇಗ ಮುಗಿಯುವುದಿಲ್ಲ, ತಡವಾಗುತ್ತದೆ.

ಮೊದಲ ವಾರ ಏನೂ ನಡೆದಂತೆ ಕಾಣುವುದಿಲ್ಲ. ಸ್ಯಾಲಿಸಿಲೇಟ್ ವಿಧಾನದ ಹನಿ ಕಿಟ್ಟಿನಲ್ಲಿ ಅಮೋನಿಯದ ನಳಿಕೆ ದಿನವೂ ಅದೇ ಹಸಿರು. ಬಳಿಕ ಒಂದು ದಿನ ಹಸಿರು ತಿಳಿಯಾಗುತ್ತದೆ, ಅದೇ ಹೊತ್ತಿಗೆ ನೈಟ್ರೈಟಿನ ನಳಿಕೆ ತಿಳಿನೀಲಿಯಿಂದ ನೇರಳೆಗೆ ತಿರುಗುತ್ತದೆ. ಈ ನೇರಳೆ ಇಳಿಯಲು ಹೆಚ್ಚು ದಿನ ಬೇಕು. ನೈಟ್ರೈಟ್ ಅರಗಿಸುವ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ, ಅವುಗಳ ಊಟವಾದ ನೈಟ್ರೈಟ್ ಹುಟ್ಟುವುದೇ ಮೊದಲ ಗುಂಪು ಕೆಲಸಕ್ಕಿಳಿದ ಮೇಲೆ. ತಾಳ್ಮೆಗೆಟ್ಟು ಎಲ್ಲ ನೀರು ಚೆಲ್ಲಿ, ಫಿಲ್ಟರ್ ತೊಳೆದು ಮೊದಲಿನಿಂದ ಆರಂಭಿಸುವವರು ಎಡವುವುದು ಈ ಹಂತದಲ್ಲೇ. ನೈಟ್ರೇಟ್ ಪರೀಕ್ಷೆಯ ಎರಡನೆಯ ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಅಂಕಿ ಸುಳ್ಳಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಮೊದಲೇ ನೈಟ್ರೇಟ್ ಇರಬಹುದಾದ್ದರಿಂದ ನಲ್ಲಿ ನೀರನ್ನೂ ಒಮ್ಮೆ ಪರೀಕ್ಷಿಸಿ ಬರೆದಿಡಬೇಕು. ಸಂಜೆ ಹಾಕಿದ 2 ಮಿಗ್ರಾಂ ಅಮೋನಿಯ ಮರುದಿನ ಸಂಜೆಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆಯಿದ್ದರೆ ಫಿಲ್ಟರ್ ಸಿದ್ಧ.

ಕಾಲ ಕಡಿಮೆ ಮಾಡುವ ನಂಬಿಕಸ್ತ ಉಪಾಯ ಒಂದೇ: ಆರೋಗ್ಯದಿಂದಿರುವ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜು. ಅದನ್ನು ಹಿಂಡಿದಾಗ ಇಳಿಯುವ ಕಂದು ಗಸಿ ನೋಡಲು ಹೇಸಿಗೆ, ಕೆಲಸಕ್ಕೆ ಬಂಗಾರ. ಸ್ಪಂಜಿನ ಒಂದು ತುಂಡನ್ನೇ ಒದ್ದೆಯಾಗಿ ತಂದು ಹೊಸ ಫಿಲ್ಟರಿನಲ್ಲಿಟ್ಟರೆ ನಾಲ್ಕು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿಯಬಹುದು. ಹಳೆಯ ತೊಟ್ಟಿಯ ನೀರು ತಂದು ಸುರಿಯುವುದರಿಂದ ಹೆಚ್ಚೇನೂ ಸಿಗದು, ಏಕೆಂದರೆ ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮೇಲ್ಮೈಗಳಿಗೆ ಅಂಟಿಕೊಂಡಿರುತ್ತವೆ. ಗಿಡಗಳೂ ನೆರವಾಗುತ್ತವೆ. ವ್ಯಾಲಿಸ್ನೇರಿಯಾ, ಹೈಡ್ರಿಲಾದಂಥವು ಅಮೋನಿಯಂ ಅನ್ನು ನೇರವಾಗಿ ಹೀರುತ್ತವೆ. ಗಿಡ ತುಂಬಿದ ತೊಟ್ಟಿಯಲ್ಲಿ ಅಮೋನಿಯ, ನೈಟ್ರೈಟ್‌ಗಳ ಏರಿಳಿತ ಕಣ್ಣಿಗೆ ಬೀಳದೆಯೇ ಮುಗಿಯುವುದೂ ಉಂಟು.

ಮೀನು ಆಗಲೇ ಬಂದಿದ್ದರೆ

ಹುಟ್ಟುಹಬ್ಬದ ಉಡುಗೊರೆಯಾಗಿ ಮೀನು ಬಂದುಬಿಟ್ಟ ಮನೆಗಳಿಗೆ ಮೇಲಿನ ವಿಧಾನ ಉಪಯೋಗಕ್ಕಿಲ್ಲ. ಅಲ್ಲಿ ದಿನವೂ ಅಮೋನಿಯ, ನೈಟ್ರೈಟ್ ನೋಡಿ ನೀರು ಬದಲಿಸುತ್ತ ವಿಷವನ್ನು ಕೆಳಗಿಡುವುದೇ ದಾರಿ. ಅರ್ಧ ನೀರು ಬದಲಿಸಿದರೆ ವಿಷ ಅರ್ಧವಾಗುತ್ತದೆ, ಅಷ್ಟೇ ಲೆಕ್ಕ. ಅಮೋನಿಯ ಲೀಟರಿಗೆ 0.5 ಮಿಗ್ರಾಂ ದಾಟಗೊಡಬಾರದು. ಬೋರ್‌ವೆಲ್ ನೀರಾದರೆ 0.25ಕ್ಕೇ ಕೈ ಹಾಕಬೇಕು. ಹೊಸ ನೀರಿನ ಉಷ್ಣತೆ, ಪಿಎಚ್ ಹಳೆಯದರ ಹತ್ತಿರವಿರಬೇಕು. ಆಹಾರ ಎರಡು ದಿನಕ್ಕೊಮ್ಮೆ, ಚಿಟಿಕೆಯಷ್ಟು: ತಿಂದಷ್ಟೂ ಅಮೋನಿಯ.

ನೈಟ್ರೈಟ್ ಏರಿದಾಗ ಅಡುಗೆ ಉಪ್ಪು ಜೀವ ಉಳಿಸುತ್ತದೆ. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. 10 ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ 60 ಮಿಗ್ರಾಂ ಕ್ಲೋರೈಡ್ ಬರುತ್ತದೆ. ಇಷ್ಟು ಅಲ್ಪ ಪ್ರಮಾಣವನ್ನು ಹೆಚ್ಚಿನ ಮೀನು, ಗಿಡಗಳು ತಾಳಿಕೊಳ್ಳುತ್ತವೆ. ಮೀನು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದರೆ ಅಂಗಡಿಯ ನೀಲಿ, ಹಳದಿ ಔಷಧಿಗಳಿಗೆ ಓಡುವ ಮೊದಲು ನೀರು ಪರೀಕ್ಷಿಸಬೇಕು. ಅವುಗಳಲ್ಲಿ ಕೆಲವು ಈಗಷ್ಟೇ ಬೇರೂರುತ್ತಿರುವ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತವೆ.

ಋತುಮಾನ, ಗುರುವಾರ, ಕರೆಂಟು

ಪುಣೆಯ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೀಟರ್ ಇಲ್ಲದ ತೊಟ್ಟಿಯಲ್ಲಿ ಸೈಕ್ಲಿಂಗ್ ಆಗ ತೆವಳುತ್ತದೆ. 25ರಿಂದ 28 ಡಿಗ್ರಿಯಲ್ಲಿಟ್ಟರೆ ಸರಾಗ. ಏಪ್ರಿಲ್‌ನಲ್ಲಿ ತೊಂದರೆ ತಿರುವುಮುರುವು: ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಊರಿನಲ್ಲಿ ಇನ್ನಷ್ಟು ಕಡಿಮೆ. ಮುಕ್ತ ಅಮೋನಿಯದ ಪಾಲೂ ಬಿಸಿಯಲ್ಲಿ ಏರುತ್ತದೆ. ಗಾಳಿಕಲ್ಲು ಆಗ ಹಗಲಿರುಳೂ ನಡೆಯಬೇಕು.

ಪುಣೆಯಲ್ಲಿ ನೀರಿನ ಜಾಲದ ದುರಸ್ತಿ ಕೆಲಸ ಸಾಮಾನ್ಯವಾಗಿ ಗುರುವಾರ ನಡೆಯುತ್ತದೆ. ಅಂದು ನಲ್ಲಿ ಬಂದ್, ಶುಕ್ರವಾರ ಬೆಳಿಗ್ಗೆ ತಡವಾಗಿ, ಕಡಿಮೆ ಒತ್ತಡದಲ್ಲಿ ನೀರು ಎಂಬ ಪ್ರಕಟಣೆ ಊರಿನವರಿಗೆ ಚಿರಪರಿಚಿತ. ಮೀನು ಇರುವ ತೊಟ್ಟಿ ಸೈಕ್ಲಿಂಗ್‌ನಲ್ಲಿದ್ದರೆ ಬುಧವಾರವೇ ಎರಡು ಬಕೆಟ್ ನೀರು ಹಿಡಿದು, ಕ್ಲೋರಿನ್ ತೆಗೆದು ಇಟ್ಟುಕೊಳ್ಳಬೇಕು. ಕರೆಂಟು ಹೋದಾಗ ಫಿಲ್ಟರಿನ ಬ್ಯಾಕ್ಟೀರಿಯಗಳಿಗೆ ಆಮ್ಲಜನಕ ತಪ್ಪುತ್ತದೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗಿನ ನೀರು ಕೊಳೆಯತೊಡಗುತ್ತದೆ. ಅಂಥ ಹೊತ್ತಿನಲ್ಲಿ ಸ್ಪಂಜನ್ನು ತೆಗೆದು ತೊಟ್ಟಿಯ ನೀರಿನಲ್ಲೇ ತೇಲಿಬಿಡುವುದು, ಇನ್ವರ್ಟರಿಗೆ ಏರ್ ಪಂಪ್ ಒಂದನ್ನಾದರೂ ಜೋಡಿಸುವುದು ಸಾಕು. ಸ್ಪಂಜು ತೊಳೆಯುವಾಗಲೂ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು.

ಇದೇ ರಸಾಯನ ಊರಿನ ನದಿಗಳಲ್ಲೂ ನಡೆಯಬೇಕಾದದ್ದು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಮಹಶೀರ್ ಜಾತಿಯೊಂದನ್ನು ಮೊದಲ ಬಾರಿಗೆ ವಿವರಿಸಿದ್ದು ಪುಣೆಯ ಪೂರ್ವಕ್ಕೆ ಮುಳಾ–ಮುಠಾದಲ್ಲಿ ಸಿಕ್ಕ ಮೀನಿನಿಂದ. ಇಂದು ಅದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. ತಿಳಿಯಾದ, ಆಮ್ಲಜನಕ ತುಂಬಿದ ನೀರು ಬೇಡುವ ಆ ಮೀನಿನ ನದಿಗೆ ಈಗ ನಗರದ ಕೊಳಚೆ ಸೇರುತ್ತಿದೆ. ಅಷ್ಟು ಅಮೋನಿಯವನ್ನು ಅರಗಿಸಲು ನದಿಯ ಬ್ಯಾಕ್ಟೀರಿಯಗಳಿಗೆ ಆಮ್ಲಜನಕ ಸಾಲುವುದಿಲ್ಲ. ಕೊಳಚೆ ಶುದ್ಧೀಕರಣ ಘಟಕದ ಗಾಳಿ ತೊಟ್ಟಿಯಲ್ಲಿ ದುಡಿಯುವುದೂ ಮನೆಯ ಫಿಲ್ಟರಿನ ಈ ಜೀವಿಗಳ ಬಳಗವೇ.

ಸೈಕ್ಲಿಂಗ್ ಮುಗಿದ ಮೇಲೆ ಮೊದಲು ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ನೈಟ್ರೇಟ್ ಇಳಿಸಿ, ಕ್ಷಾರತೆ ನೋಡಿ, ನಾಲ್ಕಾರು ಸಣ್ಣ ಮೀನುಗಳಿಂದ ಆರಂಭಿಸಬೇಕು. ಬ್ಯಾಕ್ಟೀರಿಯಗಳ ಸಂಖ್ಯೆ ಸಿಗುವ ಅಮೋನಿಯಕ್ಕೆ ತಕ್ಕಷ್ಟೇ ಇರುವುದರಿಂದ, ಪ್ರತಿ ಹೊಸ ಗುಂಪಿಗೂ ಅವು ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಮೀನು ಬರುವುದು ತಡವಾದರೆ ಅಲ್ಲಿಯವರೆಗೆ ನವಸಾಗರದ ಸಣ್ಣ ಪ್ರಮಾಣವನ್ನು ಮುಂದುವರಿಸಬೇಕು, ಇಲ್ಲವಾದರೆ ಬೆಳೆಸಿದ ಬಳಗ ಸೊರಗುತ್ತದೆ.